ಬಂಗಾರವನ್ನು ಭಂಗಾರಕ್ಕೆ ಹಾಕಬೇಡಿ

ನಮ್ಮ ಸಂಘದ ವಾರ್ಷಿಕ ಮಹಾಸಭೆಯ ಸೂಚನಾಪತ್ರ ಸದಸ್ಯರೆಲ್ಲರ ಕೈಸೇರಿದೆ. ಲೆಕ್ಕಪತ್ರ ಮಂಡನೆ, ಪದಾಧಿಕಾರಿಗಳ ಆಯ್ಕೆ, ರಾಜ್ಯೋತ್ಸವದ ಖರ್ಚು ಇವನ್ನೆಲ್ಲ ದಾಟಿ ಏಳನೆಯ ವಿಷಯಕ್ಕೆ ಬಂದರೆ ಅಲ್ಲಿ ಒಂದೇ ಒಂದು ಸಾಲು: ‘ಹಿಂದಿನ ಕೋಣೆಯಲ್ಲಿರುವ ಹಳೆಯ ಯಂತ್ರ ಹಾಗೂ ಬಿಡಿ ಸಾಮಾನುಗಳ ವಿಲೇವಾರಿ.’ ನಾನು ಕೇಂದ್ರ ಸರ್ಕಾರದ ಗುಮಾಸ್ತ. ‘ವಿಲೇವಾರಿ’ ಎಂಬ ಶಬ್ದದ ಅರ್ಥ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಣ್ಣೆದುರು ಇರುವುದನ್ನು ಓದದೆಯೇ ಕಣ್ಮರೆ ಮಾಡುವ ಕ್ರಮಕ್ಕೆ ನಮ್ಮ ಕಚೇರಿಗಳಲ್ಲಿ ಆ ಹೆಸರು. ಈ ಸಲ ಕಣ್ಮರೆಯಾಗಲಿರುವುದು ಒಂದು ಪುಟ್ಟ ಲೇತ್. ಅದನ್ನು ಕಿಲೋ ಲೆಕ್ಕದಲ್ಲಿ ಭಂಗಾರದವನಿಗೆ ಕೊಟ್ಟು, ಆ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸುವುದು ಕಾರ್ಯಕಾರಿ ಸಮಿತಿಯ ಆಲೋಚನೆ ಎಂದು ತಿಳಿದುಬಂತು.

ಈ ಮುಂಬಯಿಗೆ ಬಂದ ಮೇಲೆ ನಾವು ಕಲಿತ ಮೊದಲ ಹತ್ತು ಶಬ್ದಗಳಲ್ಲಿ ‘ಭಂಗಾರ’ವೂ ಒಂದು. ಊರಿನಲ್ಲಿ ಬಂಗಾರವೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ವಸ್ತು. ಇಲ್ಲಿ ಭಂಗಾರವೆಂದರೆ ಗೋಣಿಯಲ್ಲಿ ತುಂಬಿ ತೂಗುವ ವಸ್ತು. ಎರಡಕ್ಕೂ ನಡುವೆ ಇರುವುದು ಒಂದು ಸಣ್ಣ ಹೊಕ್ಕುಳ ಸೀಳು ಮಾತ್ರ. ಆ ಸೀಳನ್ನು ಮರೆಯಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಈ ಲೇತ್ ನಮ್ಮಲ್ಲಿಗೆ ಬಂದದ್ದು ಹೇಗೆಂಬುದು ಹಳಬರಿಗೆ ಗೊತ್ತು. ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿ ನಿವೃತ್ತರಾದ, ನಾವೆಲ್ಲ ‘ಕಾಕಾ’ ಎಂದೇ ಕರೆಯುತ್ತಿದ್ದ ಹಿರಿಯ ಸದಸ್ಯರೊಬ್ಬರು ತಮ್ಮ ಅಂತ್ಯಕಾಲದಲ್ಲಿ ಅದನ್ನು ಸಂಘಕ್ಕೆ ಬಿಟ್ಟುಹೋದರು. ಹಿತ್ತಾಳೆಯ ಸ್ಕ್ರೂ, ಹೊಲಿಗೆ ಯಂತ್ರದ ಭಾಗ, ಆಟಿಕೆಯ ಚಕ್ರ ಮುಂತಾದ ಸಣ್ಣ ಕೆಲಸಕ್ಕೆ ತಕ್ಕ ಯಂತ್ರ ಅದು. ಮೇಜಿನ ಮೇಲೆ ಕೂರುತ್ತದೆ. ಎರಡು ಜನ ಎತ್ತಬಹುದು. ಜೊತೆಗೆ ಗೇರುಗಳ ಒಂದು ಡಬ್ಬಿ, ಒಂದು ಸಿಗಾರ್ ಪೆಟ್ಟಿಗೆಯ ತುಂಬ ಟ್ಯಾಪು–ಡೈಗಳು. ಸಮಿತಿಯ ಭಾಷೆಯಲ್ಲಿ ‘ಬಿಡಿ ಸಾಮಾನು’ ಎಂದರೆ ಇವೇ.

ಕಳೆದ ಸಭೆಯಲ್ಲಿ ಒಬ್ಬ ಮಿತ್ರರು ಎದ್ದು ನಿಂತು, “ಎರಡು ರೂಪಾಯಿಯ ಸ್ಕ್ರೂ ಮಾಡಲು ಒಂದು ಯಂತ್ರವೇ? ನಾಗದೇವಿ ಬೀದಿಗೆ ಹೋದರೆ ಪೊಟ್ಟಣಗಟ್ಟಲೆ ಸಿಗುತ್ತದೆ” ಎಂದರು. ಸಭೆ ನಕ್ಕಿತು. ನಾನೂ ನಕ್ಕೆ, ಏಕೆಂದರೆ ಮಾತು ಅರ್ಧ ನಿಜ. ಪೇಟೆಯಲ್ಲಿ ಸಿಗುವ ಸ್ಕ್ರೂವನ್ನು ಲೇತಿನ ಮೇಲೆ ಮಾಡುವವನು ಬಾವಿ ಇದ್ದರೂ ಮಳೆಗೆ ಕಾಯುವವನಂಥ ಮೂರ್ಖ. ಆದರೆ ಉಳಿದ ಅರ್ಧವನ್ನು ನಮ್ಮ ಮಿತ್ರರು ಯೋಚಿಸಲಿಲ್ಲ. ಅಂಗಡಿಯಲ್ಲಿ ಸ್ಕ್ರೂ ಸಿಗುತ್ತದೆ. ಆ ಸ್ಕ್ರೂ ಹೋಗಿ ಕೂರಬೇಕಾದ ತೂತಿನೊಳಗಿನ ಥ್ರೆಡ್ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಥ್ರೆಡ್ ಎಂದರೆ ಸ್ಕ್ರೂವಿನ ಮೈಸುತ್ತಿ ಏರುವ ಆ ಸಣ್ಣ ಓಣಿ. ಮರಾಠಿ ಮೇಸ್ತ್ರಿ ಅದನ್ನು ‘ಆಟೆ’ ಎನ್ನುತ್ತಾನೆ, ಹಿಂದಿಯವನು ‘ಚೂಡಿ’ ಎನ್ನುತ್ತಾನೆ. ನಾವು ಮನೆಯಲ್ಲಿ ‘ಸ್ಕ್ರೂ ಸುಮ್ಮನೆ ತಿರುಗ್ತಾ ಇದೆ, ಹಿಡೀತಾ ಇಲ್ಲ’ ಎಂದು ಗೊಣಗುತ್ತೇವೆ. ಹೀಗೆ ಗೊಣಗಿದ ಮರುಗಳಿಗೆಯಲ್ಲಿ ವಸ್ತು ಅಟ್ಟ ಸೇರುತ್ತದೆ, ವರ್ಷದೊಳಗೆ ಭಂಗಾರ ಸೇರುತ್ತದೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ ಅಲ್ಲವೆ?

ದೂರದ ಉದಾಹರಣೆ ಬೇಡ. ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಅಧ್ಯಕ್ಷರು ‘ಕನ್ನಡಿಗರು ಎಲ್ಲಿದ್ದರೂ ತಲೆಯೆತ್ತಿ ನಿಲ್ಲಬೇಕು’ ಎಂದು ಹೇಳುತ್ತಿದ್ದಂತೆಯೇ ಮೈಕಿನ ಕಂಬ ಮೆಲ್ಲಗೆ ತಲೆಬಾಗಿದ್ದು ಎಲ್ಲರಿಗೂ ನೆನಪಿದೆ. ಎತ್ತರವನ್ನು ಬಿಗಿಹಿಡಿಯುವ ಎಂ6 ಸ್ಕ್ರೂವಿನ ತೂತು ಅಲ್ಯೂಮಿನಿಯಂ ಎರಕದಲ್ಲಿತ್ತು. ಮೆತ್ತಗಿನ ಲೋಹ, ಅವಸರದ ಕೈ. ಒಳಗಿನ ಥ್ರೆಡ್ ಸವೆದು ನುಣ್ಣಗಾಗಿತ್ತು. ಸಮಿತಿ ಎರಡು ಹೊಸ ಕಂಬಗಳನ್ನು ಕೊಂಡಿತು. ರಸೀತಿ ಲೆಕ್ಕಪತ್ರದಲ್ಲಿದೆ, ಬೇಕಾದವರು ನೋಡಬಹುದು. ಹಳೆಯದನ್ನು ನಾನು ಹಿಂದಿನ ಕೋಣೆಗೆ ಒಯ್ದು, ಆ ತೂತನ್ನು 6.8 ಮಿ.ಮೀ. ಬೈರಿಗೆಯಿಂದ ದೊಡ್ಡದು ಮಾಡಿ, ಸೀಮೆಎಣ್ಣೆಯ ನಾಲ್ಕು ಹನಿ ಬಿಟ್ಟು, ಎಂ8 ಟ್ಯಾಪು ಹಾಯಿಸಿದೆ. ಅರ್ಧ ಗಂಟೆ ಹಿಡಿಯಿತು. ಖರ್ಚು ಒಂದು ಬೋಲ್ಟು. ಈಗ ಸಂಘದಲ್ಲಿ ಮೂರು ಮೈಕು ಕಂಬಗಳಿವೆ, ಭಾಷಣಕಾರರಿಗೆ ಇನ್ನು ಕೊರತೆಯಿಲ್ಲ.

ಇದರಲ್ಲಿ ಮಂತ್ರವೇನೂ ಇಲ್ಲ. ಮೆಟ್ರಿಕ್ ಥ್ರೆಡ್ಡಿಗೆ ಎಷ್ಟು ದೊಡ್ಡ ತೂತು ಕೊರೆಯಬೇಕು ಎಂಬುದನ್ನು ಆರನೆಯ ತರಗತಿಯ ಹುಡುಗಿ ಬಾಯಿಲೆಕ್ಕದಲ್ಲಿ ಹೇಳಬಲ್ಲಳು. ಸ್ಕ್ರೂವಿನ ವ್ಯಾಸದಿಂದ ಒಂದು ಸುತ್ತಿಗೆ ಅದು ಏರುವ ದೂರವನ್ನು ಕಳೆಯಿರಿ, ಅಷ್ಟೆ. ಎಂ3 ಸ್ಕ್ರೂ ಸುತ್ತಿಗೆ ಅರ್ಧ ಮಿ.ಮೀ. ಏರುತ್ತದೆ, ತೂತು 2.5. ಎಂ4 ಏರುವುದು 0.7, ತೂತು 3.3. ಎಂ5ಕ್ಕೆ 0.8, ತೂತು 4.2. ಎಂ6ಕ್ಕೆ 1, ತೂತು 5. ಎಂ3ಕ್ಕೆ 2.4ರ ತೂತು ಕೊರೆದರೆ ಟ್ಯಾಪು ಮುರಿಯುವ ಭಯ, 2.6 ಆದರೆ ಹಿಡಿತದಲ್ಲಿ ಕಾಣುವಷ್ಟು ಕೊರತೆ ಬರುವುದಿಲ್ಲ. ಹೀಗಿರುವಾಗ ಬಿಗಿಯಾದ ತೂತೇ ಗಟ್ಟಿ ಎಂದು ನಂಬಿ ಟ್ಯಾಪು ಮುರಿಯುವವರೇ ಹೆಚ್ಚು. ನಾನೂ ಮುರಿದಿದ್ದೇನೆ. ಕಾಕಾ ಆಗ ಬದುಕಿದ್ದರು. “ತಮ್ಮಾ, ಹಿಂದಕ್ಕ ತಿರುವಾಕ ಬರದಾವ ಮುಂದಕ್ಕ ತಿರುವಬಾರದು” ಎಂದರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುವಿದಾಗ ಒಳಗಿನ ಲೋಹದ ಸಿಪ್ಪೆ ಮುರಿದು ಸಡಿಲವಾಗುತ್ತದೆ. ಮುಂದೆ ಮುಂದೆ ಎಂದೇ ನುಗ್ಗಿದರೆ ಸಿಪ್ಪೆ ಸಿಕ್ಕಿಕೊಂಡು ಟ್ಯಾಪು ಗಾಜಿನಂತೆ ಪಟಕ್ಕೆನ್ನುತ್ತದೆ.

ನಾನು ಮುರಿದದ್ದು ಮನೆಯ ಹಿತ್ತಾಳೆ ದೀಪದ ಕಂಬದೊಳಗೆ. ಟ್ಯಾಪು ಗಟ್ಟಿ ಉಕ್ಕು, ಬೈರಿಗೆಗೆ ಜಗ್ಗುವುದಿಲ್ಲ. ಕಾಕಾ ಹೇಳಿದ ಉಪಾಯ ಕೇಳಿ ನನಗೆ ನಾಚಿಕೆಯಾಯಿತು. ಗಡ್ಡ ಹೆರೆದ ಮೇಲೆ ಕ್ಷೌರಿಕ ಉಜ್ಜುವ ಪಟಿಕದ ಕಲ್ಲನ್ನು ನೀರಿನಲ್ಲಿ ಕರಗಿಸಿ, ಅದರಲ್ಲಿ ಕಂಬವನ್ನು ಮುಳುಗಿಸಿ ಬಿಸಿಯಾಗಿಡಬೇಕು. ಪಟಿಕದ ದ್ರಾವಣ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯ ತಂಟೆಗೆ ಹೋಗುವುದಿಲ್ಲ. ಗಡಿಯಾರ ರಿಪೇರಿಯವರು ಹಿತ್ತಾಳೆಯ ತಟ್ಟೆಯೊಳಗೆ ಮುರಿದ ಸ್ಕ್ರೂವನ್ನು ಹೀಗೆಯೇ ತೆಗೆಯುತ್ತಾ ಬಂದಿದ್ದಾರಂತೆ. ಎರಡು ದಿನಕ್ಕೆ ಟ್ಯಾಪು ಕಪ್ಪು ಹಿಟ್ಟಾಗಿ ಉದುರಿತು, ದೀಪ ಉಳಿಯಿತು. ನಾಚಿಕೆ ಏಕೆಂದರೆ, ನಾನು ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಪೊಟ್ಯಾಶ್ ಆಲಂ ಹರಳುಗಳನ್ನು ಕೈಯಾರೆ ಬೆಳೆಸಿ ಅಂಕ ಪಡೆದವನು. ಅದು ಕೆಲಸಕ್ಕೆ ಬರುವ ವಸ್ತುವೆಂದು ಮೂರು ವರ್ಷದಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು.

‘ಸರಿ, ಟ್ಯಾಪು–ಡೈ ಇಟ್ಟುಕೊಳ್ಳಿ, ಲೇತ್ ಏಕೆ?’ ಎಂದು ಕೇಳುವವರಿಗೆ ಉತ್ತರ ಹೇಳಬೇಕು. ನಮ್ಮ ಸದಸ್ಯೆಯೊಬ್ಬರು, ನನ್ನ ಮನೆಯವಳು ವೈನಿ ಎಂದು ಕರೆಯುವವರು, ರವಿಕೆ ಹೊಲಿದು ಮನೆ ನಡೆಸುತ್ತಾರೆ. ಅವರದು ಅತ್ತೆಯ ಕಾಲದ ಯಂತ್ರ. ಅದರ ಒಂದು ಸ್ಕ್ರೂ ಕಳೆದುಹೋಯಿತು. ರಿಪೇರಿಯವನು ಕೈಯಲ್ಲಿದ್ದ ಯಾವುದೋ ಸ್ಕ್ರೂ ತುರುಕಿ ‘ಅಡ್ಜಸ್ಟ್ ಆಗುತ್ತೆ’ ಎಂದ. ಅದು ಎರಡೇ ಸುತ್ತು ಹಿಡಿದು ಜಾಮ್ ಆಯಿತು. ಮತ್ತೊಬ್ಬ ‘ಈ ಮಾದರಿಯ ಭಾಗ ಬರುವುದಿಲ್ಲ, ಹೊಸ ಯಂತ್ರ ತೆಗೆದುಕೊಳ್ಳಿ’ ಎಂದ. ನಾನು ಅಳೆದು ನೋಡಿದೆ: ವ್ಯಾಸ 9/64 ಅಂಗುಲ, ಅಂಗುಲಕ್ಕೆ 40 ಸುತ್ತು. ಹೊಲಿಗೆ ಯಂತ್ರಗಳ ಅನೇಕ ಸ್ಕ್ರೂಗಳು ಇಂಥ ತಮ್ಮದೇ ಅಳತೆಯವು. ಮೆಟ್ರಿಕ್ ಪೊಟ್ಟಣದಲ್ಲಿ ಅವುಗಳ ನೆಂಟರಿಲ್ಲ. ಕೇಳಿದ ಅಂಗಡಿಗಳಲ್ಲಿ ಆ ಅಳತೆಯ ಡೈ ಕೂಡ ಸಿಗಲಿಲ್ಲ.

ಆಗ ನೆರವಿಗೆ ಬಂದದ್ದು ಈ ‘ಹಳೆಯ ಯಂತ್ರ’. ಅದರ ಲೀಡ್ ಸ್ಕ್ರೂ ಅಂಗುಲಕ್ಕೆ 8 ಸುತ್ತಿನದು. ನಮಗೆ ಬೇಕಾದದ್ದು 40. ಎಂಟೈದಲೆ ನಲವತ್ತು: ಕೆಲಸದ ಸರಳು ಐದು ಸುತ್ತು ತಿರುಗಿದಾಗ ಲೀಡ್ ಸ್ಕ್ರೂ ಒಂದು ಸುತ್ತು ತಿರುಗಬೇಕು. 20 ಹಲ್ಲಿನ ಗೇರು ನಡೆಸುವುದಕ್ಕೆ, 100 ಹಲ್ಲಿನದು ಲೀಡ್ ಸ್ಕ್ರೂವಿನ ತುದಿಗೆ, ಲೆಕ್ಕ ಮುಗಿಯಿತು. 40 ಎಂಬುದು 8ರ ಅಪವರ್ತ್ಯವಾದ್ದರಿಂದ ಪ್ರತಿ ಸಲವೂ ಅರ್ಧ ನಟ್ಟನ್ನು ಎಲ್ಲಿ ಮುಚ್ಚಿದರೂ ಉಳಿ ಹಿಂದಿನ ಓಣಿಯಲ್ಲೇ ಹೋಗುತ್ತದೆ. ಮೋಟಾರಿನ ಬೆಲ್ಟು ಕಳಚಿ, ಸ್ಪಿಂಡಲಿನ ಹಿಂಬದಿಗೆ ಒಂದು ಕೈಹಿಡಿ ಜೋಡಿಸಿ, ಬಾವಿಯ ರಾಟೆಯಂತೆ ಕೈಯಿಂದಲೇ ತಿರುವಿದೆ. ಸಣ್ಣ ಥ್ರೆಡ್ಡಿಗೆ ಮೋಟಾರು ಶತ್ರು. ನಿಲ್ಲಬೇಕಾದ ಕಡೆ ಕೂದಲೆಳೆ ತಡವಾದರೂ ಉಳಿ ಸ್ಕ್ರೂವಿನ ಭುಜಕ್ಕೆ ಹೊಡೆದು ಎರಡೂ ಹಾಳು. ಓಣಿಯ ಪೂರ್ತಿ ಆಳ ಸುಮಾರು 0.4 ಮಿ.ಮೀ.; ಒಂದೊಂದು ಸಲಕ್ಕೆ 0.05 ಮಿ.ಮೀ. ಮಾತ್ರ, ಕೊನೆಗೆ ಅದಕ್ಕೂ ಕಡಿಮೆ. ಮೊದಲನೆಯ ಸ್ಕ್ರೂ ಕೆಟ್ಟಿತು, ಎರಡನೆಯದು ಕೂತಿತು. ವೈನಿಯವರ ಯಂತ್ರ ಅದೇ ಸಂಜೆ ಓಡಿತು. ಭಂಗಾರದವನು ಈ ಲೇತಿಗೆ ಕೊಡುವ ದುಡ್ಡಿನಲ್ಲಿ ಅವರಿಗೊಂದು ಹೊಸ ಹೊಲಿಗೆ ಯಂತ್ರ ಬರುತ್ತಿತ್ತೆ? ಸಮಿತಿಯವರು ಲೆಕ್ಕ ಹಾಕಿ ಹೇಳಲಿ.

ಇಲ್ಲಿ ನಮ್ಮವರೇ ಆದ ಇನ್ನೊಂದು ಗುಂಪಿಗೂ ಎರಡು ಮಾತು ಹೇಳಬೇಕು. ಯಂತ್ರದ ಪರ ಇರುವವರೆಲ್ಲ ನ್ಯಾಯದ ಪರ ಇದ್ದಾರೆಂದು ನಾನು ಹೇಳಲಾರೆ. ಮನೆಯಲ್ಲಿ ಲೇತ್ ಇಟ್ಟುಕೊಂಡ ಕೆಲವರು, ಪ್ರತಿಯೊಂದು ಥ್ರೆಡ್ಡನ್ನೂ ಲೇತಿನ ಉಳಿಯಿಂದಲೇ ಕೊರೆಯಬೇಕು, ಟ್ಯಾಪು–ಡೈ ಹಿಡಿಯುವವನು ಕಸುಬಿನವನೇ ಅಲ್ಲ ಎನ್ನುತ್ತಾರೆ. ಇದು ಮಡಿವಂತಿಕೆ. ಎಂ3, ಎಂ4ರಂಥ ಸಿದ್ಧ ಅಳತೆಗಳಿಗೆ ಟ್ಯಾಪು–ಡೈಯೇ ಸರಿಯಾದ ದಾರಿ. ಲೇತಿನ ಕೆಲಸ ಅವುಗಳನ್ನು ನೆಟ್ಟಗೆ ಹಿಡಿಯುವುದು ಮಾತ್ರ. ಡೈಯನ್ನು ಟೇಲ್‌ಸ್ಟಾಕಿನಲ್ಲಿ ಹಿಡಿದು ಕೈಯಿಂದ ತಿರುವಿದರೆ ಥ್ರೆಡ್ ಕುಡಿದವನಂತೆ ಓಲಾಡದೆ ನೇರವಾಗಿ ಬರುತ್ತದೆ. ಪೇಟೆಯಲ್ಲಿ ಸಾಧನ ಸಿಗದ ಅಳತೆಗೆ ಮಾತ್ರ ಗೇರು ಬದಲಿಸಬೇಕು. ಅದರಲ್ಲೂ ಅಂಗುಲದ ಲೇತಿನ ಮೇಲೆ ಮೆಟ್ರಿಕ್ ಥ್ರೆಡ್ ನಿಖರವಾಗಿ ಕೊರೆಯಬೇಕಾದರೆ 127 ಹಲ್ಲಿನ ಗೇರು ಬೇಕು, ಏಕೆಂದರೆ ಅಂಗುಲವೊಂದಕ್ಕೆ 25.4 ಮಿ.ಮೀ.; ಅದರ ಐದರಷ್ಟು 127; ಅದು ಅವಿಭಾಜ್ಯ ಸಂಖ್ಯೆ, ಅದನ್ನು ಮೋಸಗೊಳಿಸಲಾಗದು. ಕೆಲಸ ಮುಗಿಯುವ ತನಕ ಅರ್ಧ ನಟ್ಟು ತೆರೆಯುವಂತೆಯೂ ಇಲ್ಲ. ಇಷ್ಟೆಲ್ಲ ಸರ್ಕಸ್ಸನ್ನು ಒಂದು ಎಂ3 ಸ್ಕ್ರೂವಿಗಾಗಿ ಮಾಡುವವರನ್ನು ನೋಡಿಯೇ ನಮ್ಮ ಮಿತ್ರರಿಗೆ ನಗು ಬಂದದ್ದು. ಆ ನಗುವಿಗೆ ಅವರೂ ಕಾರಣರು.

‘ಅಡ್ಜಸ್ಟ್ ಆಗುತ್ತೆ’ ಎಂಬ ಮಾತಿನ ಮೇಲೂ ನನಗೆ ಸಿಟ್ಟಿದೆ. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲ ಕಾರ್ಖಾನೆಗಳಿಗೂ ಒಂದೇ ಥ್ರೆಡ್ ಇರಲೆಂದು 55 ಡಿಗ್ರಿ ಕೋನದ ಪದ್ಧತಿಯನ್ನು ಮುಂದಿಟ್ಟ. ಸಣ್ಣ ಉಪಕರಣಗಳಿಗೆಂದು 1884ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಬಿ.ಎ. ಪದ್ಧತಿಯನ್ನು ರೂಪಿಸಿತು. ಅದರ ಮೂಲ ಸ್ವಿಸ್ ಗಡಿಯಾರದವರದು, ಕೋನ 47½ ಡಿಗ್ರಿ. ಒಂದೊಂದು ಸಂಖ್ಯೆ ಮೇಲೇರಿದಂತೆ ಸುತ್ತಿನ ಏರಿಕೆ ಹಿಂದಿನದರ ಹತ್ತರಲ್ಲಿ ಒಂಬತ್ತು ಪಾಲು. ನಮ್ಮ ದೇಶ 1956ರಲ್ಲಿ ಕಾಯಿದೆ ಮಾಡಿ ಮೆಟ್ರಿಕ್ ಅಳತೆಗೆ ಹೊರಳಿತು; ಮೆಟ್ರಿಕ್ ಸ್ಕ್ರೂವಿನ ಕೋನ 60 ಡಿಗ್ರಿ. ಈಗ ನೋಡಿ: 2ಬಿ.ಎ. ಸ್ಕ್ರೂವಿನ ವ್ಯಾಸ 4.7, ಏರಿಕೆ 0.81 ಮಿ.ಮೀ. ಎಂ5ರದು 5.0 ಮತ್ತು 0.8. ಕಣ್ಣಿಗೆ ಅಣ್ಣತಮ್ಮಂದಿರು. ಹಳೆಯ ಮೀಟರಿನ ತೂತಿಗೆ ಎಂ5 ತುರುಕಿ ಬಲ ಹಾಕಿದರೆ ಆ ಕ್ಷಣಕ್ಕೆ ಕೂತಂತೆ ತೋರಿ ಎಂದೆಂದಿಗೂ ತೂತು ಕೆಡುತ್ತದೆ. ಅಳೆಯದೆ ಬಲ ಹಾಕುವುದಕ್ಕೆ ನಾವು ‘ಹೊಂದಾಣಿಕೆ’ ಎಂಬ ಒಳ್ಳೆಯ ಹೆಸರಿಟ್ಟಿದ್ದೇವೆ. ಒಂದು ತೂತನ್ನು ಅಳೆದು, ಸರಿಯಾದದ್ದನ್ನು ಮಾತ್ರ ಕೂರಿಸುವ ಅಭ್ಯಾಸ ಒಂದು ಮಗುವಿಗೆ ಬಂದರೆ ಅದು ಸ್ಕ್ರೂವಿಗೆ ಮಾತ್ರ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲರ ಮನಸ್ಸಿನಲ್ಲೂ ಇದೆ. ‘ಇದು ನಮ್ಮಂಥವರ ಕೆಲಸವಲ್ಲ.’ ನಾವು ಊರು ಬಿಟ್ಟು ಬಂದದ್ದು ಕುರ್ಚಿಗಾಗಿ. ನಮ್ಮ ಮಟ್ಟಿಗೆ ಫೈಲು ಎಂದರೆ ಕಾಗದದ್ದು. ಲೋಹ ಉಜ್ಜುವ ಅರ ಎಂಬ ಫೈಲು ನಮಗೆ ಅಪರಿಚಿತ. ಮಗ ಎಂಜಿನಿಯರ್ ಆಗಬೇಕು, ಆದರೆ ಅವನ ಉಗುರಿನಲ್ಲಿ ಎಣ್ಣೆ ಕಾಣಬಾರದು. ಪ್ರತಿ ಸೆಪ್ಟೆಂಬರ್ 15ರಂದು ಸಂಘದಲ್ಲಿ ವಿಶ್ವೇಶ್ವರಯ್ಯನವರ ಚಿತ್ರಕ್ಕೆ ಹಾರ ಹಾಕುತ್ತೇವೆ. ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಇದೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದವರು, ನಮ್ಮ ಹಾಗೆಯೇ ವಲಸೆ ಬಂದವರು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಚಿತ್ರ ತೂಗುಹಾಕಿದ ಗೋಡೆಯ ಆಚೆಬದಿಗೇ ಲೇತಿನ ಕೋಣೆ. ಹಾರ ಈಚೆಗೆ, ಭಂಗಾರದವನು ಆಚೆಗೆ!

ಮತ್ತೊಬ್ಬರನ್ನು ನೆನೆಯಿರಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ, ಇಂದು ಮಾಟುಂಗದಲ್ಲಿರುವ ಅದೇ ವಿ.ಜೆ.ಟಿ.ಐ.ಯಲ್ಲಿ, ಉಪಾಧ್ಯಾಯರಾಗಿದ್ದರು. ಗೌರವದ ನೌಕರಿ. ಅದನ್ನೇ ನೆಚ್ಚಿ ಕೂರದೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಕಿದರೆ ಭೂಮಿಗೆ ವಿಷವೆಂದು ಜನ ಹೆದರಿದರಂತೆ, ಅವರು ಹೆದರಲಿಲ್ಲ. ಆ ಮನೆತನದ ಉದ್ಯಮವೇ ಮುಂದೆ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆಗಿ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ಲೇತ್ ಎಂಬ ಯಂತ್ರವನ್ನು ಭಾರತಕ್ಕೆ ಕೊಟ್ಟ ನಾಡುಗಳಲ್ಲಿ ನಮ್ಮದು ಮುಂಚೂಣಿಯದು. ಹರಿಹರದ ಆ ಕಾರ್ಖಾನೆ ಇಂದಿಲ್ಲ. ಬೀಗ ಬಿದ್ದಾಗ ನಾವು ಇಲ್ಲಿ ಕುಳಿತು ಮರುಗಿದೆವು. ನಮ್ಮ ಕೈಯಲ್ಲೇ ಇರುವ ಲೇತಿಗೆ ನಾವೇ ಬೀಗ ಹಾಕಲು ಹೊರಟರೆ ಆ ಮರುಕಕ್ಕೆ ಏನು ಬೆಲೆ?

ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಪೂಜೆಗೊಳ್ಳುವುದು ಏನು? ಸ್ಕೂಟರು, ಕಾರು, ಕಂಪ್ಯೂಟರು, ಕೊನೆಗೆ ಮೊಬೈಲು. ಇವುಗಳಲ್ಲಿ ಒಂದನ್ನಾದರೂ ಬಿಚ್ಚಿ ಜೋಡಿಸಲು ಬರುವವರು ಕೈಯೆತ್ತಲಿ. ಬಿಚ್ಚಲಾಗದ ವಸ್ತು ನಮಗೆ ಆಯುಧವಲ್ಲ, ನಾವೇ ಅದಕ್ಕೆ ಆಳು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗೊಂದು ಚೌಕಟ್ಟು ರೂಪಿಸಲು ಸಮಿತಿಯನ್ನೇ ನೇಮಿಸಿತು. ಒಳ್ಳೆಯದು. ಆದರೆ ಹಕ್ಕನ್ನು ಸರ್ಕಾರ ಕೊಡಬಹುದು, ಕೈಯನ್ನು ಯಾರು ಕೊಡುತ್ತಾರೆ?

ಮೂರನೆಯದು ಕಿರಿಯರ ವಾದ: “ಅಂಕಲ್, ಈಗ ತ್ರೀ-ಡಿ ಪ್ರಿಂಟರ್ ಇದೆ, ಸಿ.ಎನ್.ಸಿ. ಇದೆ. ಕೈಯಿಂದ ಯಾರು ಥ್ರೆಡ್ ಹಾಕುತ್ತಾರೆ?” ನನ್ನ ಅಕ್ಕನ ಮಗನೇ ಹೀಗೆ ಕೇಳಿದ. ಅವನು ಮುದ್ರಿಸಿದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತೋರಿಸೆಂದೆ. ಅದರ ನಾಲ್ಕು ಮೂಲೆಗೂ ಹಿತ್ತಾಳೆಯ ಪುಟ್ಟ ಬುಗುಟುಗಳನ್ನು ಬಿಸಿಮಾಡಿ ಒತ್ತಿದ್ದ. ಅವುಗಳೊಳಗೆ ಎಂ3 ಥ್ರೆಡ್. “ಪ್ಲಾಸ್ಟಿಕ್ಕಿನ ಥ್ರೆಡ್ ನಾಲ್ಕು ಸಲ ಬಿಚ್ಚಿದರೆ ಹೋಗುತ್ತೆ ಅಂಕಲ್, ಅದಕ್ಕೇ ಇದು” ಎಂದ. ಮಗೂ, ಆ ಹಿತ್ತಾಳೆಯೊಳಗೆ ಥ್ರೆಡ್ ಹಾಕಿದವರು ಯಾರು? ಹೊಸ ಯಂತ್ರ ಬಂದರೆ ಹಳೆಯ ಅರಿವು ಸಾಯುವುದಿಲ್ಲ; ಅದರ ಮೇಲೆಯೇ ಹೊಸದು ನಿಲ್ಲುತ್ತದೆ. ಸಿ.ಎನ್.ಸಿ. ಯಂತ್ರಕ್ಕೆ ಆಜ್ಞೆ ಬರೆಯುವವನಿಗೂ ಎಂ3ಕ್ಕೆ 2.5ರ ತೂತು ಎಂಬುದು ಗೊತ್ತಿರಲೇಬೇಕು. ಕೈಯಲ್ಲಿ ಟ್ಯಾಪು ಹಿಡಿದವನಿಗೆ ಅದು ಮುರಿಯುವ ಮುನ್ನ ಬಿಗಿಯುವುದು ಬೆರಳಿಗೆ ತಿಳಿಯುತ್ತದೆ. ಆ ತಿಳಿವಳಿಕೆ ಪರದೆಯ ಮೇಲೆ ಬರುವುದಿಲ್ಲ.

ಅಪಾಯದ ಮಾತು ಎತ್ತುವವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲೇತ್ ತಿರುಗುವಾಗ ಸಡಿಲ ತೋಳು, ದುಪಟ್ಟಾ, ಕೈಗವಸು ಯಾವುದೂ ಹತ್ತಿರ ಸುಳಿಯಬಾರದು; ಕಣ್ಣಿಗೆ ಕನ್ನಡಕ ಬೇಕೇ ಬೇಕು; ಚಕ್ಕಿನ ಕೀಲಿ ಕೈಬಿಟ್ಟು ಅಲ್ಲೇ ಉಳಿಯಬಾರದು. ಆದರೆ ನಾನು ಹೇಳುತ್ತಿರುವ ಕೆಲಸದಲ್ಲಿ ಬೆಲ್ಟು ಕಳಚಿರುತ್ತದೆ, ಯಂತ್ರ ಕೈಯಿಂದ ತಿರುಗುತ್ತದೆ. ನಮ್ಮ ಅಡಿಗೆಮನೆಯ ಈಳಿಗೆಮಣೆ ಇದಕ್ಕಿಂತ ಎಷ್ಟೋ ಹರಿತ.

ಕೊನೆಯ ಪ್ರಶ್ನೆಯೇ ಮುಖ್ಯ ಪ್ರಶ್ನೆ: ‘ಕನ್ನಡ ಸಂಘಕ್ಕೂ ಸ್ಕ್ರೂವಿಗೂ ಏನು ಸಂಬಂಧ?’

ನಾನು ಒಂದು ಪರೀಕ್ಷೆ ಮಾಡಿದೆ. ಕಾಕಾ ಅವರ ಪೆಟ್ಟಿಗೆ ಬಿಚ್ಚಿ ನಮ್ಮ ಕನ್ನಡ ತರಗತಿಯ ಮಕ್ಕಳ ಮುಂದೆ ಒಂದೊಂದೇ ಸಾಮಾನು ಹಿಡಿದೆ. ಅರ, ಉಳಿ, ಇಕ್ಕಳ, ಚಿಮಟ, ಬೈರಿಗೆ, ತಿರುಪುಳಿ, ಕೊಡತಿ, ಸಾಣೆ. ಒಂದಕ್ಕೂ ಕನ್ನಡದ ಹೆಸರು ಬರಲಿಲ್ಲ. ಮಕ್ಕಳನ್ನು ಏಕೆ ದೂರಲಿ? ಎರಡರ ಹೆಸರಿಗೆ ನಾನೇ ತಡವರಿಸಿದೆ. ಇದೇ ಮಕ್ಕಳು ಭಾವಗೀತೆಯ ಸ್ಪರ್ಧೆಯಲ್ಲಿ ಬಹುಮಾನ ಪಡೆದವರು. ನಮ್ಮ ಸಂಘಗಳಲ್ಲಿ ಕನ್ನಡ ಉಳಿದಿರುವುದು ಹಾಡಿನಲ್ಲಿ, ನಾಟಕದಲ್ಲಿ, ಯಕ್ಷಗಾನದಲ್ಲಿ, ಊಟದ ಎಲೆಯ ಮುಂದೆ. ಕೆಲಸದ ಮೇಜಿನಿಂದ ಅದು ಎಂದೋ ಎದ್ದುಹೋಗಿದೆ. ಶಬ್ದ ಬದುಕುವುದು ನಿಘಂಟಿನಲ್ಲಲ್ಲ, ‘ಆ ಇಕ್ಕಳ ಕೊಡು’ ಎಂದು ಒಬ್ಬ ಕೇಳಿ ಇನ್ನೊಬ್ಬ ಕೊಟ್ಟಾಗ. ಕೈ ಬಿಟ್ಟ ಕೆಲಸದ ಮಾತನ್ನು ಬಾಯಿಯೂ ಬಿಡುತ್ತದೆ. ಕಾಯಕದ ಬಗ್ಗೆ ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತನಾಡುವ ನಮಗೆ ಕಾಯಕದ ಸಾಮಾನುಗಳ ಹೆಸರೇ ಬಾರದೆ ಹೋದರೆ ಅದಕ್ಕಿಂತ ನಗೆಪಾಟಲು ಬೇರೆ ಇದೆಯೆ?

ಇದೇ ಮುಂಬಯಿಯಲ್ಲಿ ನಮ್ಮ ಹಿರಿಯರು ಹೋಟೆಲ್ಲಿನಲ್ಲಿ ಲೋಟ ತೊಳೆಯುವ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ದುಡಿಯುವ ಕೈಗೆ ಅಕ್ಷರ ಕೊಟ್ಟರು. ಅಲ್ಲಿ ಕಲಿತವರ ಮಕ್ಕಳು ಮೊಮ್ಮಕ್ಕಳು ನಾವು. ಅಕ್ಷರ ಕಲಿತ ಕೈಗೆ ದುಡಿಮೆ ಕೊಡುವ ಸರದಿ ಈಗ ನಮ್ಮದು. ಆ ರಾತ್ರಿ ಶಾಲೆಗಳನ್ನು ‘ಇದಕ್ಕೂ ಸಂಘಕ್ಕೂ ಏನು ಸಂಬಂಧ’ ಎಂದು ಅಂದು ಯಾರಾದರೂ ಕೇಳಿದ್ದರೆ ನಮ್ಮಲ್ಲಿ ಎಷ್ಟು ಜನ ಇಂದು ಈ ಪತ್ರಿಕೆ ಓದುತ್ತಿದ್ದೆವು?

ಬರಿಯ ದೂರು ಹೇಳಿ ಕೂರುವುದು ಗುಮಾಸ್ತನ ಚಾಳಿ ಎಂದು ಬೇಡ. ಸ್ಪಷ್ಟವಾದ ಸೂಚನೆಯನ್ನೇ ಮಹಾಸಭೆಯ ಮುಂದಿಡುತ್ತೇನೆ. ಏಳನೆಯ ವಿಷಯವನ್ನು ಒಂದು ವರ್ಷ ಮುಂದೂಡಬೇಕು. ತಿಂಗಳಿಗೆ ಎರಡು ಭಾನುವಾರ, ಬೆಳಗ್ಗೆ ಹತ್ತರಿಂದ ಹನ್ನೆರಡು, ಹಿಂದಿನ ಕೋಣೆ ತೆರೆದಿರಲಿ. ಎಂ3ರಿಂದ ಎಂ6ರವರೆಗಿನ ಟ್ಯಾಪುಗಳು, ಅವಕ್ಕೆ ತಕ್ಕ ಬೈರಿಗೆಗಳು, ಕಣ್ಣಿನ ಕನ್ನಡಕಗಳು ಇವಿಷ್ಟಕ್ಕೆ ಸಂಘದ ದುಡ್ಡು ಬೇಡ. ನಾನೂ ಇನ್ನಿಬ್ಬರು ಮಿತ್ರರೂ ಒದಗಿಸುತ್ತೇವೆ. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಬರಬೇಕು. ವೈನಿಯವರು ತಮ್ಮ ಮಗಳನ್ನು ಕಳಿಸುವುದಾಗಿ ಆಗಲೇ ಹೇಳಿದ್ದಾರೆ. ಮನೆಯಲ್ಲಿ ಹಿಡಿ ಅಲ್ಲಾಡುವ ಕುಕ್ಕರು, ಬಾಗಿಲ ಚಿಲಕ, ಮಕ್ಕಳ ಸೈಕಲ್ಲು ಏನಿದ್ದರೂ ತನ್ನಿ. ಸಾಮಾನಿನ ಹೆಸರನ್ನು ಕನ್ನಡದಲ್ಲಿ ಕೇಳಿದರೆ ಮಾತ್ರ ಕೈಗೆ ಕೊಡುವುದು ಎಂಬುದೊಂದೇ ನಿಯಮ. ಕುರ್ಚಿಗಳ ಚಿಂತೆಯೇ? ಅಳೆದು ನೋಡಿದ್ದೇನೆ: ಲೇತಿನ ಮೇಜಿನ ಕೆಳಗೇ ಎರಡು ಸಾಲು ಹಿಡಿಸುತ್ತವೆ.

ವರ್ಷದ ಕೊನೆಗೆ ಹತ್ತು ಮಕ್ಕಳು ತಮ್ಮ ಕೈಯಾರೆ ಒಂದೊಂದು ತೂತು ಕೊರೆದು, ಥ್ರೆಡ್ ಹಾಕಿ, ಸ್ಕ್ರೂ ಕೂರಿಸಿ ತೋರಿಸದಿದ್ದರೆ ಭಂಗಾರದವನನ್ನು ನಾನೇ ಕರೆತರುತ್ತೇನೆ; ತಕ್ಕಡಿಗೆ ಎತ್ತಿಡಲು ಒಂದು ಕೈ ನನ್ನದೂ ಇರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಾಕಾ ನಲವತ್ತು ವರ್ಷ ಬಳಸಿ, ಒರೆಸಿ, ಎಣ್ಣೆ ಹಚ್ಚಿ ಉಳಿಸಿಕೊಟ್ಟದ್ದನ್ನು ಕೈಯೆತ್ತುವ ಒಂದು ನಿಮಿಷದಲ್ಲಿ ಕಳೆಯಬೇಡಿ. ಏಳನೆಯ ವಿಷಯ ಬಂದಾಗ ಊಟದ ಹೊತ್ತಾಗಿರುತ್ತದೆ, ಹಲವರು ಎದ್ದಿರುತ್ತಾರೆ. ದಯವಿಟ್ಟು ಹತ್ತು ನಿಮಿಷ ಕುಳಿತಿರಿ. ಕೈಯೆತ್ತುವ ಮುನ್ನ ಒಮ್ಮೆ ಹಿಂದಿನ ಕೋಣೆಗೆ ಹೋಗಿ, ಆ ಕೈಹಿಡಿಯನ್ನು ಒಂದು ಸುತ್ತು ತಿರುವಿ ನೋಡಿ ಬನ್ನಿ. ಇಷ್ಟೇ ನನ್ನ ಅರಿಕೆ.